ಯಾವ ಆಯ್ತು?

ನಮ್ಮ ಬೀದಿಯ ತಿರುವಿನಲ್ಲಿ ಒಂದು ಬೈಂಡಿಂಗ್ ಅಂಗಡಿ ಇದೆ. ಮುಂದೆ ಕೌಂಟರು, ಅದರ ಹಿಂದೆ ಪರದೆ, ಪರದೆಯ ಆಚೆ ಕೆಲಸದ ಕೋಣೆ. ಕೋಣೆಯೊಳಗೆ ಅಣ್ಣ, ಕೌಂಟರಿನಲ್ಲಿ ತಂಗಿ. ಅಣ್ಣ ಪುಸ್ತಕ ಹೊಲಿಯುತ್ತಾನೆ, ಅಂಟು ಹಚ್ಚುತ್ತಾನೆ, ರಟ್ಟು ಕೂರಿಸುತ್ತಾನೆ. ತಂಗಿ ಗಿರಾಕಿಗಳಿಂದ ಬೈಸಿಕೊಳ್ಳುತ್ತಾಳೆ. ಹೀಗೆ ಕೆಲಸ ಹಂಚಿಕೊಂಡು ಇಬ್ಬರೂ ಅರ್ಧ ಆಯುಷ್ಯ ಕಳೆದಿದ್ದರು. ತಂಗಿ ಕೂರುತ್ತಿದ್ದುದು ಬೆನ್ನಿಲ್ಲದ ಒಂದು ಸ್ಟೂಲಿನ ಮೇಲೆ. ಆ ಸ್ಟೂಲೇ ಅವಳನ್ನು ಓದಿಗೆ ಹಚ್ಚಿತು ಎಂದರೆ ಯಾರೂ ನಂಬುವುದಿಲ್ಲ. ಜ್ಞಾನದ ಹಸಿವು ಎಂದರೆ ಎಲ್ಲರೂ ನಂಬುತ್ತಾರೆ. ಆದರೆ ನಡೆದದ್ದು ಸ್ಟೂಲಿನಿಂದಲೇ.

ನಾನು ತರ್ಕಶಾಸ್ತ್ರ ಕಲಿಸಿ ನಿವೃತ್ತಳಾದ ಕಾಲೇಜು ಆ ಅಂಗಡಿಯಿಂದ ಕೂಗಳತೆಯ ದೂರದಲ್ಲಿದೆ. ಅಲ್ಲಿಯ ದಾಖಲೆ ಕೋಣೆಯಲ್ಲಿ ಬೆನ್ನೂ ಇರುವ, ಕೈಯೂ ಇರುವ ಒಂದು ಕುರ್ಚಿ. ಬೈಂಡ್ ಆದ ಹಾಜರಿ ಪುಸ್ತಕಗಳನ್ನು ಕೊಡಲು ಹೋದಾಗಲೆಲ್ಲ ತಂಗಿಯ ಕಣ್ಣು ಆ ಕುರ್ಚಿಯ ಮೇಲೆ. ಅದರಲ್ಲಿ ಒರಗಿರುತ್ತಿದ್ದ ಗುಮಾಸ್ತರ ಮೇಲೆ ಅಲ್ಲ.

"ಈ ಜಾಗಕ್ಕೆ ಏನು ಓದಿರ್ಬೇಕು ಸಾರ್?" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ಈಗೆಲ್ಲ ಡಿಗ್ರಿ ಬೇಕಮ್ಮ. ನಾನು ಬಂದಾಗ ಬರೀ ಅಕ್ಷರ ದುಂಡಗಿದ್ರೆ ಸಾಕಿತ್ತು."

"ನೀವು ಯಾವಾಗ ರಿಟೈರ್ ಆಗ್ತೀರಿ?"

"ನಿನಗ್ಯಾಕೆ ಅದು?" ಎಂದು ಗುಮಾಸ್ತರು ಮೊದಲ ಬಾರಿಗೆ ನೆಟ್ಟಗೆ ಕೂತರಂತೆ.

ಅವಳು ಅಲ್ಲಿಯ ಸಂಜೆ ಕಾಲೇಜಿಗೇ ಸೇರಿದಳು. ಕೇಳಿದ್ದು ವಾಣಿಜ್ಯ. ಅದರಲ್ಲಿ ಜಾಗ ತುಂಬಿತ್ತು. ಪ್ರವೇಶದ ಮೇಜಿನಲ್ಲಿದ್ದವರು, "ಮಾಹಿತಿ ವ್ಯವಸ್ಥೆ ಅಂತ ಒಂದಿದೆ, ಹತ್ತಿರ ಹತ್ತಿರ ಅದೇ, ಬರ್ಕೊಳ್ಳಲಾ?" ಎಂದರು. "ಬರ್ಕೊಳ್ಳಿ" ಎಂದಳು. ಒಬ್ಬ ಮನುಷ್ಯನ ವಿದ್ಯೆ ಎನ್ನುವುದು ಬಹುಪಾಲು ಹೀಗೇ ತೀರ್ಮಾನವಾಗುತ್ತದೆ. ಆಮೇಲೆ ನಾವು ಅದಕ್ಕೆ ಒಲವು, ಅಭಿರುಚಿ ಎಂದು ಹೆಸರಿಡುತ್ತೇವೆ.

ಮಾಹಿತಿ ವ್ಯವಸ್ಥೆಯ ಪದವಿ ಅರ್ಧ ಗಣಕ, ಅರ್ಧ ಆಡಳಿತ. ಗಣಕ ವಿಭಾಗದವರು ಈ ವಿದ್ಯಾರ್ಥಿಗಳನ್ನು ಗುಮಾಸ್ತರೆನ್ನುತ್ತಿದ್ದರು, ವಾಣಿಜ್ಯ ವಿಭಾಗದವರು ಮೆಕ್ಯಾನಿಕ್‌ಗಳೆನ್ನುತ್ತಿದ್ದರು. ಮನೆಯಲ್ಲಿ ಅವಳ ತಾಯಿ ಕೇಳಿದ್ದು ಇನ್ನೂ ನೇರವಾಗಿತ್ತು.

"ಅದೇನೇ ನೀನು ಓದೋದು?"

"ಮಾಹಿತಿ ವ್ಯವಸ್ಥೆ ಅಮ್ಮ."

"ಯಾರ ಮಾಹಿತಿ?"

"ಯಾರದಾದ್ರೂ."

"ಅದಕ್ಕೆ ಓದ್ಬೇಕಾ? ಎದುರು ಮನೆಯವಳು ಓದ್ದೇನೇ ಎಲ್ಲರದ್ದೂ ಇಟ್ಕೊಂಡಿದಾಳಲ್ಲ!"

ತರಗತಿಯಲ್ಲಿ ಅವಳಿಗಿಂತ ಅರ್ಧ ವಯಸ್ಸಿನವರು. ಕೈಗೆ ಸದಾ ಅಂಟಿನ ವಾಸನೆ ಇದ್ದುದರಿಂದ, ರಟ್ಟಿನ ಅಂಗಡಿಯವಳಾದ್ದರಿಂದ, ಅವಳು ಅವರಿಗೆ ರಟ್ಟಕ್ಕ. ಮುಂದೆ ಮೇಷ್ಟ್ರುಗಳಿಗೂ ಅದೇ ಹೆಸರು ಬಾಯಿಗೆ ಬಂತು. ನಾನೂ ಹಾಗೇ ಕರೆಯುತ್ತೇನೆ. ಬೀದಿಯಲ್ಲಂತೂ ಅವಳು ಕಂಪ್ಯೂಟರ್ ಓದುತ್ತಿದ್ದಾಳೆ ಎಂಬ ಸುದ್ದಿ ಹಬ್ಬಿ, ಕೆಟ್ಟ ಪ್ರಿಂಟರು, ಒಡೆದ ಫೋನು, ಒಂದು ಸಲ ಮಿಕ್ಸರು ಕೂಡ ಕೌಂಟರಿಗೆ ಬಂತು. ಮಿಕ್ಸರನ್ನು ಅವಳು ಸರಿಮಾಡಿಕೊಟ್ಟಳು. ಉಳಿದವು ಅವಳ ಪಠ್ಯದಲ್ಲಿ ಇರಲಿಲ್ಲ.

ಒಂದು ಗಣಿತದ ವಿಷಯ ಮತ್ತೆ ಮತ್ತೆ ಉಳಿಯುತ್ತಾ ಬಂದು ಪದವಿ ಎಳೆಯಿತು. ವಿಶ್ವವಿದ್ಯಾಲಯಕ್ಕೆ ಒಂದು ನಿಯಮವಿದೆ: ಗೊತ್ತುಮಾಡಿದ ಅವಧಿಯೊಳಗೆ ಎಲ್ಲವನ್ನೂ ಮುಗಿಸದಿದ್ದರೆ ಅದುವರೆಗೆ ಪಾಸಾದದ್ದೂ ರದ್ದು. ರಟ್ಟಕ್ಕನಿಗೆ ಆ ವರ್ಷ ಕೊನೆಯದು. ದಾಖಲೆ ಕೋಣೆಯ ಗುಮಾಸ್ತರು ನಿವೃತ್ತರಾಗುವುದೂ ಅದೇ ವರ್ಷ. ಆಗ ತಪ್ಪಿದರೆ ಪದವಿಯೂ ಇಲ್ಲ, ಕುರ್ಚಿಯೂ ಇಲ್ಲ, ಸ್ಟೂಲು ಮಾತ್ರ ಖಾಯಂ. ಗಣಿತ ಹೇಗೋ ದಾಟಿತ್ತು. ಉಳಿದದ್ದು ಕೊನೆಯ ಒಂದೆರಡು ಪರೀಕ್ಷೆ ಮತ್ತು ಪ್ರಾಜೆಕ್ಟ್.

ಪ್ರಾಜೆಕ್ಟಿಗೆ ಷರತ್ತುಗಳಿದ್ದವು. ನಿಜವಾದ ಒಂದು ಕೆಲಸದ ಜಾಗಕ್ಕೆ ಒಂದು ವ್ಯವಸ್ಥೆ ಮಾಡಿಕೊಡಬೇಕು. ಅದನ್ನು ನಿಜವಾದ ಒಬ್ಬ ಬಳಕೆದಾರ ಒಂದು ವಾರವಾದರೂ ಬಳಸಬೇಕು. ಆ ಬಳಕೆದಾರ ವಿದ್ಯಾರ್ಥಿಯೇ ಆಗಿರಕೂಡದು. ಮೌಖಿಕ ಪರೀಕ್ಷೆಗೆ ಅವನೂ ಬಂದು ಹೇಳಿಕೆ ಕೊಡಬೇಕು. ಕೊನೆಗೆ, ವರದಿಯನ್ನು ಕಪ್ಪು ರಟ್ಟು, ಚಿನ್ನದ ಅಕ್ಷರದೊಂದಿಗೆ ಬೈಂಡ್ ಮಾಡಿಸಿ ಗಡುವಿನೊಳಗೆ ಒಪ್ಪಿಸಬೇಕು. ಈ ಕೊನೆಯ ಷರತ್ತು ನೋಡಿ ರಟ್ಟಕ್ಕನಿಗೆ ನಗು ಬಂತಂತೆ. ಅದೊಂದರ ಚಿಂತೆ ತನಗಿಲ್ಲ ಎಂದುಕೊಂಡಳು.

ಕೆಲಸದ ಜಾಗ ಅಣ್ಣನ ಅಂಗಡಿ. ಬಳಕೆದಾರಳು ಅತ್ತಿಗೆ.

ಅತ್ತಿಗೆಯನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ನೀನು ಪಾಸಾದ್ರೆ ಆ ಕಡೆ ಕುರ್ಚಿಗೆ ಹೋಗ್ತೀಯ. ಈ ಕಡೆ ಸ್ಟೂಲಿಗೆ ಯಾರು?" ಎಂದು ಆಕೆ ಮೊದಲ ಮಾತಿನಲ್ಲೇ ಮೂಲಕ್ಕೆ ಕೈ ಹಾಕಿದಳು.  ಉತ್ತರ ಇಬ್ಬರಿಗೂ ಗೊತ್ತಿತ್ತು. ಆದರೂ ಕೊನೆಗೆ ಒಪ್ಪಿದಳು.

ಈಗ ಅಣ್ಣನ ಒಂದು ಮಾತಿನ ಬಗ್ಗೆ ಹೇಳಬೇಕು. ಹೊರಗಿನಿಂದ ಏನು ಕೂಗಿ ಕೇಳಿದರೂ ಪರದೆಯ ಆಚೆಯಿಂದ ಬರುತ್ತಿದ್ದುದು ಒಂದೇ ಉತ್ತರ: "ಆಯ್ತು." ಗಿರಾಕಿ ಹೊಸ ಕಟ್ಟು ತಂದರೆ "ಆಯ್ತು", ಅಂದರೆ ಕೇಳಿಸಿತು, ಅಲ್ಲಿಡು. ನಾಳೆಗೆ ಬೇಕಂತೆ ಎಂದರೆ "ಆಯ್ತು", ಅಂದರೆ ನೋಡೋಣ. ಎಲ್ಲಿಗೆ ಬಂತು ಎಂದು ಕೇಳಿದರೆ ಎಳೆದು "ಆಯ್ತೂ", ಅಂದರೆ ಇನ್ನೂ ಮುಟ್ಟಿಲ್ಲ, ತಲೆ ತಿನ್ನಬೇಡ. ಊಟಕ್ಕೆ ಬಾ ಎಂದರೂ "ಆಯ್ತು", ಅದಕ್ಕೆ ಎದ್ದು ಬರುವುದು ಮಾತ್ರ ಅರ್ಧ ಗಂಟೆಯ ಮೇಲೆ. ಕೆಲಸ ನಿಜವಾಗಿಯೂ ಮುಗಿದಾಗ ಅವನು ಏನೂ ಹೇಳುತ್ತಿರಲಿಲ್ಲ. ಪುಸ್ತಕವನ್ನು ಪರದೆಯ ಕೆಳಗಿನಿಂದ ಕೌಂಟರಿನ ಕಡೆಗೆ ತಳ್ಳುತ್ತಿದ್ದ. ಇಷ್ಟು ವರ್ಷ ತಂಗಿ ಸ್ವರ ಕೇಳಿ ಅರ್ಥ ಮಾಡಿಕೊಂಡು, ಗಿರಾಕಿಗೆ "ನಾಡಿದ್ದು ಬನ್ನಿ" ಎಂದೋ "ಕೂತಿರಿ" ಎಂದೋ ಅನುವಾದಿಸಿ ಹೇಳುತ್ತಿದ್ದಳು. ಇದನ್ನು ಅವಳು ಒಂದು ಕೆಲಸವೆಂದೇ ಎಣಿಸಿರಲಿಲ್ಲ. ಹಾಗಾಗಿ ಪ್ರಾಜೆಕ್ಟಿನ ಮೊದಲ ಅಧ್ಯಾಯದಲ್ಲಿ ಅಂಗಡಿಯ ಕೆಲಸಗಳನ್ನೆಲ್ಲ ಅಚ್ಚುಕಟ್ಟಾಗಿ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ ತೋರಿಸಿದಾಗ ಇದೊಂದು ಬಿಟ್ಟುಹೋಯಿತು.

ವ್ಯವಸ್ಥೆ ಸರಳವಾಗಿತ್ತು. ಕೌಂಟರಿನ ಮೇಲೆ ಒಂದು ಗಣಕ. ಪ್ರತಿ ಕಟ್ಟಿಗೂ ಒಂದು ಸಂಖ್ಯೆ, ಒಂದು ಸ್ಥಿತಿ. ಸ್ಥಿತಿಗಳು ಮೂರು: ಬಂತು, ನಡೀತಿದೆ, ಆಯ್ತು. ಆಯ್ತು ಎಂಬುದನ್ನು ಒತ್ತಿದ ಕೂಡಲೆ ಗಿರಾಕಿಯ ಫೋನಿಗೆ ತಾನಾಗಿ ಸಂದೇಶ ಹೋಗುತ್ತದೆ: "ನಿಮ್ಮ ಕೆಲಸ ಆಯ್ತು. ಬಂದು ತೆಗೆದುಕೊಂಡು ಹೋಗಿ." ಕಟ್ಟು ಬಾಕಿಯಿಂದ ಅಳಿಸಿಹೋಗುತ್ತದೆ. ಅದನ್ನು ಬಟವಾಡೆಯ ಕಪಾಟಿನಲ್ಲಿಡಬೇಕು.

ಗೈಡ್ ಮೇಷ್ಟ್ರು ಅವಳಿಗಿಂತ ಚಿಕ್ಕವರು. ಆದ್ದರಿಂದ ಗಾಂಭೀರ್ಯ ಹೆಚ್ಚು. ಅವರಿಗೆ ವ್ಯವಸ್ಥೆ ಹಿಡಿಸಿತು. ಬಳಕೆದಾರರ ಕೈಪಿಡಿಯಲ್ಲಿ ಮಾತ್ರ ಒಂದು ವಾಕ್ಯ ತಾವೇ ಸೇರಿಸಿದರು: "ಬಳಕೆದಾರರು ಒಳಗಿನಿಂದ ಬಂದ ಉತ್ತರವನ್ನು ಇದ್ದ ಹಾಗೆಯೇ ದಾಖಲಿಸತಕ್ಕದ್ದು. ಸ್ವಂತ ಊಹೆ ಸೇರಿಸಕೂಡದು."

"ಮನುಷ್ಯರು ಊಹೆ ಮಾಡೋದ್ರಿಂದಲೇ ವ್ಯವಸ್ಥೆಗಳು ಕೆಡೋದು, ಗೊತ್ತಾಯ್ತಾ?" ಎಂದರಂತೆ. ರಟ್ಟಕ್ಕ "ಆಯ್ತು ಸಾರ್" ಎಂದಳು.

ವರದಿಯ ಭಾಷೆ ತಿದ್ದಲು ನನ್ನ ಹತ್ತಿರ ತಂದಿದ್ದಳು. ಕಾಗುಣಿತ ಚೆನ್ನಾಗಿತ್ತು. ಕೊನೆಯ ಅಧ್ಯಾಯದಲ್ಲಿ "ಪ್ರಯೋಗವು ಸಂಪೂರ್ಣ ಯಶಸ್ವಿಯಾಗಿರುತ್ತದೆ" ಎಂದಿತ್ತು. ಪ್ರಯೋಗ ಶುರುವಾಗಲು ಇನ್ನೂ ಎರಡು ದಿನವಿತ್ತು. ಕೇಳಿದ್ದಕ್ಕೆ, "ಎಲ್ಲರೂ ಹೀಗೇ ಬರೆಯೋದು ಮೇಡಂ, ಕೊನೇಲಿ ಟೈಮ್ ಸಿಗಲ್ವಲ್ಲ" ಎಂದಳು. ನಾನು ಪದವಿಪ್ರದಾನ ಮಾಡುವ ಸಂಸ್ಥೆಗಳಲ್ಲಿ ಬಹಳ ಕಾಲ ಇದ್ದವಳು; ಆಶ್ಚರ್ಯಪಡಲಿಲ್ಲ.

ಪ್ರಾಜೆಕ್ಟ್ ವರದಿಗಳ ಸುಗ್ಗಿ ಬಂತು. ಕಾಲೇಜಿನ ಅಷ್ಟೂ ವಿದ್ಯಾರ್ಥಿಗಳ ಬಿಡಿ ಹಾಳೆಗಳು ಕಟ್ಟುಕಟ್ಟಾಗಿ ಆ ಒಂದೇ ಕೌಂಟರಿಗೆ ಬರುವ ಕಾಲ. ಅದೇ ವಾರ ರಟ್ಟಕ್ಕನಿಗೆ ಕೊನೆಯ ಪರೀಕ್ಷೆಗಳು. ತನ್ನ ವರದಿಯನ್ನೂ ಒಂದು ಕಟ್ಟು ಮಾಡಿ, ಸಂಖ್ಯೆ ಕೊಟ್ಟು, ಅತ್ತಿಗೆಯ ಕೈಯಲ್ಲಿಟ್ಟು ಅವಳು ಓದಲು ಕೂತಳು. ಅತ್ತಿಗೆ ಸ್ಟೂಲಿನ ಮೇಲೆ ಕೂತಳು, ಕೈಪಿಡಿಯನ್ನು ಎದುರಿಗೆ ತೆರೆದಿಟ್ಟುಕೊಂಡಳು.

ಮುಂದೆ ನಡೆದದ್ದು ಕೈಪಿಡಿಯ ಪ್ರಕಾರವೇ ನಡೆಯಿತು. ಕಟ್ಟು ಬರುತ್ತದೆ. ಅತ್ತಿಗೆ ಪರದೆಯ ಕಡೆ ತಿರುಗಿ, "ಕೇಳಿಸ್ತಾ? ಕಪ್ಪು ರಟ್ಟು, ಮೂರು ಪ್ರತಿ!" ಎನ್ನುತ್ತಾಳೆ. ಒಳಗಿನಿಂದ "ಆಯ್ತು." ಅತ್ತಿಗೆ ಆಯ್ತು ಒತ್ತುತ್ತಾಳೆ. ಸಂದೇಶ ಹೋಗುತ್ತದೆ. ದಾರ ಸುತ್ತಿದ ಬಿಡಿ ಹಾಳೆಗಳು ಬಟವಾಡೆಯ ಕಪಾಟು ಸೇರುತ್ತವೆ. ಒಂದು ವಾರದಲ್ಲಿ ಕಪಾಟು ತುಂಬಿತು. ಎಲ್ಲರಿಗೂ ಪರೀಕ್ಷೆ; ಗಡುವಿನ ದಿನ ಒಯ್ದರಾಯಿತು ಎಂದು ಯಾರೂ ಅದಕ್ಕೆ ಮೊದಲು ತೆಗೆದುಕೊಳ್ಳಲು ಬರಲಿಲ್ಲ. ಅಣ್ಣ ಒಳಗೆ ಯಾವುದೋ ಹಳೆಯ ನಿಘಂಟಿನ ಬೆನ್ನು ರಿಪೇರಿ ಮಾಡುತ್ತಾ ಆಗಾಗ "ಬಾಕಿ ಏನಿದೆ?" ಎಂದು ಕೇಳುತ್ತಿದ್ದ. ಅತ್ತಿಗೆ ಪರದೆ ನೋಡಿ, ಇದು ಗಣಕದ ಪರದೆ, "ಬಾಕಿ ಏನೂ ಇಲ್ಲ" ಎನ್ನುತ್ತಿದ್ದಳು. ಅಣ್ಣ ಎಷ್ಟೋ ವರ್ಷಗಳ ಮೇಲೆ ಮಧ್ಯಾಹ್ನ ಸ್ವಲ್ಪ ಮಲಗಿದ.

"ಪುಟ್ಟಿ ಮಾಡಿದ್ದು ಒಳ್ಳೇದಾಯ್ತು ನೋಡು. ಈ ಸಲ ಕೆಲಸದ ಹೊರೇನೇ ಇಲ್ಲ" ಎಂದು ತಾಯಿಯ ಹತ್ತಿರ ಹೊಗಳಿದನಂತೆ. ತಂಗಿಗೆ ನಲವತ್ತು ದಾಟಿದ್ದರೂ ಅವನಿಗೆ ಅವಳು ಪುಟ್ಟಿಯೇ.

ರಟ್ಟಕ್ಕನ ಫೋನಿಗೂ ಸಂದೇಶ ಬಂತು. "ನಿಮ್ಮ ಕೆಲಸ ಆಯ್ತು." ಅದನ್ನು ಓದಿ ಅವಳು ನೆಮ್ಮದಿಯಿಂದ ಪರೀಕ್ಷೆ ಬರೆದಳು. ಇದೇ ಮಾತು ಅಣ್ಣನ ಬಾಯಿಂದ ಬಂದಿದ್ದರೆ ಎದ್ದುಹೋಗಿ ಪರದೆ ಸರಿಸಿ ನೋಡಿಯೇ ಬರುತ್ತಿದ್ದಳು. ಬಂದದ್ದು ತಾನೇ ಮಾಡಿದ ಯಂತ್ರದಿಂದ, ಆದ್ದರಿಂದ ನಂಬಿದಳು.

ಗಡುವಿನ ದಿನ ಬೆಳಗ್ಗೆ ಅಂಗಡಿಯ ಮುಂದೆ ಅರ್ಧ ಕಾಲೇಜು ನೆರೆದಿತ್ತು. ಎಲ್ಲರ ಕೈಯಲ್ಲೂ ಫೋನು. ರಟ್ಟಕ್ಕ ಗುಂಪು ಸರಿಸಿಕೊಂಡು ಒಳಗೆ ಬಂದಾಗ ಒಬ್ಬ ಹುಡುಗಿ ತನ್ನ ಬಿಡಿ ಹಾಳೆಗಳನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ರಟ್ಟಕ್ಕಾ, ಏನಕ್ಕಾ ಇದು? ಕೊಟ್ಟ ಹಾಗೇ ವಾಪಸ್ ಬಂದಿದೆ! ಆಯ್ತು ಅಂತ ಮೆಸೇಜ್ ಬಂದಿದೆ ನೋಡಿ!"

ಅಣ್ಣ ಪರದೆ ಸರಿಸಿ ಹೊರಗೆ ಬಂದ. ಕಪಾಟನ್ನು ನೋಡಿದ. ತಲೆಯ ಮೇಲೆ ಕೈಯಿಟ್ಟುಕೊಳ್ಳಲು ಹೋಗಿ, ಕೈಯಲ್ಲಿ ಅಂಟು ಇದೆಯೆಂದು ಬಿಟ್ಟ.

"ನಾನು ಆಯ್ತು ಅಂದೆ ಕಣೇ! ಆಗಿದೆ ಅಂದ್ನಾ?" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ಆಯ್ತು ಅಂದ್ರೆ ಆಗಿದೆ ಅಂತ ಅಲ್ವಾ?"

"ಇಪ್ಪತ್ತು ವರ್ಷ ಸಂಸಾರ ಮಾಡಿದೀಯ, ನಾನು ಆಯ್ತು ಅಂದಿದ್ದು ಯಾವತ್ತಾದ್ರೂ ಆಗಿದೆಯಾ?"

ಗುಂಪಿನಲ್ಲಿ ಯಾರೋ ನಕ್ಕರು. ರಟ್ಟಕ್ಕ ನಗಲಿಲ್ಲ. ಅವಳು ಕಪಾಟಿನ ಕೆಳಗಿನ ಸಾಲಿನಲ್ಲಿ ತನ್ನ ಕಟ್ಟನ್ನು ಹುಡುಕುತ್ತಿದ್ದಳು. ಸಿಕ್ಕಿತು, ತಾನೇ ಕಟ್ಟಿದ ದಾರ, ತಾನೇ ಹಾಕಿದ ಗಂಟು.

"ಅತ್ತಿಗೆ, ಹಾಳೆ ಬಿಡಿಬಿಡಿಯಾಗಿದೆ ಅಂತ ನಿಮಗೆ ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಮತ್ತೆ?"

"ಕಂಡಿದ್ದನ್ನ ಬರೀಬೇಕು ಅಂತ ಎಲ್ಲಿದೆ? ಕೇಳಿದ್ದನ್ನ ಬರೀಬೇಕು, ಸ್ವಂತ ಬುದ್ಧಿ ಉಪಯೋಗಿಸ್ಬಾರ್ದು ಅಂತಿದೆ. ನಾನು ಉಪಯೋಗಿಸ್ಲಿಲ್ಲಪ್ಪ" ಎಂದು ಅತ್ತಿಗೆ ಕೈಪಿಡಿಯನ್ನು ಅವಳ ಕಡೆಗೆ ತಿರುಗಿಸಿದಳು. ವಾಕ್ಯದ ಕೆಳಗೆ ಗೆರೆ ಎಳೆದಿತ್ತು. ಗೆರೆ ಎಳೆದದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ.

ಅಂಟು ಒಣಗಲು, ಪುಸ್ತಕ ಒತ್ತಿಡುವ ಪ್ರೆಸ್ಸಿನಲ್ಲಿ ಒಂದು ದಿನವಾದರೂ ಇರಬೇಕು. ಅವಸರಕ್ಕೆ ಅಣ್ಣ ಒಂದು ಉಪಾಯ ಬಲ್ಲ: ಅಂಟಿಲ್ಲದೆ ಬದಿಯಲ್ಲಿ ದಾರ ಹಾಕಿ ಹೊಲಿದು, ಕಪ್ಪು ರಟ್ಟಿನಲ್ಲಿ ತುರುಕುವುದು. ಸಂಜೆಯೊಳಗೆ ಹಾಗೆ ಕೆಲವನ್ನು ಮಾಡಬಹುದಿತ್ತು, ಎಲ್ಲವನ್ನೂ ಅಲ್ಲ. ಅವನು ತಂಗಿಯ ಕಡೆ ನೋಡಿ, ತಗ್ಗಿದ ದನಿಯಲ್ಲಿ, "ನಿಂದು ಮೊದಲು ಹಾಕ್ಲಾ ಪುಟ್ಟಿ?" ಎಂದ.

"ನಂದೇ ಮೊದಲು ಹಾಕು" ಎಂದಳು ರಟ್ಟಕ್ಕ. ತ್ಯಾಗ ಮಾಡುವ ವಯಸ್ಸು ಅವಳದಾಗಿರಲಿಲ್ಲ.

ಆದರೆ ಅಂಗಡಿ ಸಣ್ಣದು, ಕಿವಿಗಳು ಬಹಳ. "ಅದ್ಹೇಗಕ್ಕಾ? ನಿಮ್ಮ ಸಿಸ್ಟಮ್ಮಿಂದ ನಾವು ಹಾಳಾಗೋದು, ನೀವು ಪಾಸಾಗೋದಾ?" ಎಂದು ಹಿಂದಿನಿಂದ ಕೂಗು ಎದ್ದಿತು. ಅವಳ ಕಟ್ಟನ್ನು ಯಾರೋ ಕೈಯಿಂದ ಕಿತ್ತುಕೊಂಡರು. ಇನ್ನು ಯಾರೋ ಅವರಿಂದ ಕಿತ್ತುಕೊಂಡರು. ಕೊನೆಗೆ ಎಲ್ಲರೂ ಅವರವರ ಬಿಡಿ ಹಾಳೆಗಳೊಂದಿಗೆ, ಅವಳನ್ನೂ ನಡುವೆ ಇಟ್ಟುಕೊಂಡು, ಆರೋಪಿಯನ್ನು ಒಯ್ಯುವ ಹಾಗೆ ಕಾಲೇಜಿನ ಕಚೇರಿಗೆ ನಡೆದರು.

ಕಚೇರಿಯ ಸೂಪರಿಂಟೆಂಡೆಂಟರು ಮೊದಲು ಅವಳೊಬ್ಬಳನ್ನೇ ಒಳಗೆ ಕರೆದರು. ಬೈಂಡ್ ಆಗದ ವರದಿ ನಿಯಮದಲ್ಲಿ ಇಲ್ಲ ಎಂದರು. ಅವಧಿ ಮುಗಿದ ಮೇಲೆ ತಾವೇನೂ ಮಾಡುವಂತಿಲ್ಲ, ನಿಯಮ ಎಂದರೆ ನಿಯಮ ಎಂದರು.  ಆಗ ಅವರ ದೃಷ್ಟಿ ಕಿಟಕಿಯ ಕಡೆಗೆ ಹೋಯಿತು.

"ಅವರೆಲ್ಲ ಯಾರು?"

"ಅವರದ್ದೂ ಆಗಿಲ್ಲ ಸಾರ್."

"ಎಷ್ಟು ಜನದ್ದು?"

"ಯಾರದ್ದೂ ಆಗಿಲ್ಲ."

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿದರು. ಸ್ವಲ್ಪ ಹೊತ್ತಿಗೆ ಸೂಚನಾ ಫಲಕದ ಮೇಲೆ ಕಾಗದ ಬಿತ್ತು: ಅನಿವಾರ್ಯ ಕಾರಣಗಳಿಂದ ವರದಿ ಒಪ್ಪಿಸುವ ಗಡುವನ್ನು ವಿಸ್ತರಿಸಲಾಗಿದೆ, ಅವಧಿಯ ಲೆಕ್ಕಕ್ಕೂ ಇದು ಅನ್ವಯಿಸುತ್ತದೆ. ಒಬ್ಬಳ ವರದಿ ಮಾತ್ರ ಆಗದೆ ಉಳಿದಿದ್ದರೆ ಅದು ಅವಳ ತಪ್ಪು. ಯಾರದ್ದೂ ಆಗದೆ ಉಳಿದದ್ದರಿಂದ ಅದು ಅನಿವಾರ್ಯ ಕಾರಣ. ರಟ್ಟಕ್ಕನ ವ್ಯವಸ್ಥೆ ಅಷ್ಟು ಸಂಪೂರ್ಣವಾಗಿ ಕೆಟ್ಟಿದ್ದರಿಂದ ಅವಳು ಉಳಿದಳು. ಸ್ವಲ್ಪ ಚೆನ್ನಾಗಿದ್ದಿದ್ದರೆ ಮುಳುಗುತ್ತಿದ್ದಳು.

ಅಣ್ಣ ಊಟ ನಿದ್ದೆ ಬಿಟ್ಟು ಎಲ್ಲವನ್ನೂ ಬೈಂಡ್ ಮಾಡಿದ. ತಂಗಿಯದನ್ನು ಕೊನೆಗೆ ಮಾಡಿದ. ವಿದ್ಯಾರ್ಥಿಗಳು ಸರದಿಯಲ್ಲಿ ಅಂಗಡಿಯಲ್ಲೇ ಕೂತು ಕಾವಲು ಕಾಯ್ದಿದ್ದರು. ಚಿನ್ನದ ಅಕ್ಷರ ಕೂತಿತು. ಒಳಗೆ "ಸಂಪೂರ್ಣ ಯಶಸ್ವಿಯಾಗಿರುತ್ತದೆ" ಎಂಬುದೂ ಹಾಗೇ ಹೊಲಿಗೆ ಬಿದ್ದು ಗಟ್ಟಿಯಾಯಿತು.

ಮೌಖಿಕ ಪರೀಕ್ಷೆಗೆ ಮುಂಚೆ ಗೈಡ್ ಮೇಷ್ಟ್ರು ಕರೆದು ಹೇಳಿದರು: "ನೋಡಿ, ಪರೀಕ್ಷಕರು ಹೊರಗಿನವರು. ಅವರಿಗೆ ಏನೂ ಗೊತ್ತಿಲ್ಲ. ವರದಿಯಲ್ಲಿ ಇದ್ದಷ್ಟೇ ಹೇಳಿ. ಸ್ವಂತದ್ದು ಸೇರಿಸ್ಬೇಡಿ."

"ನಮ್ಮ ಅತ್ತಿಗೆ ಏನು ಹೇಳ್ತಾರೋ ಸಾರ್."

ಮೇಷ್ಟ್ರು ಅದನ್ನು ಯೋಚಿಸಿರಲಿಲ್ಲ.

ಅತ್ತಿಗೆ ಮದುವೆಗೆ ಹೊರಟವಳಂತೆ ತಯಾರಾಗಿ ಬಂದಳು.  ಈಕೆ ಒಂದು ಸತ್ಯ ನುಡಿದರೆ ನಾದಿನಿ ಸ್ಟೂಲಿಗೆ ವಾಪಸ್ಸು, ತಾನು ಬಿಡುಗಡೆ. ಇದು ಇಬ್ಬರಿಗೂ ಗೊತ್ತಿತ್ತು. ಪರೀಕ್ಷಕರು ವಯಸ್ಸಾದವರು, ಸೌಮ್ಯ ಮುಖ, ನಿದ್ದೆಗಣ್ಣು. ವರದಿಯ ಚಿನ್ನದ ಅಕ್ಷರದ ಮೇಲೆ ಬೆರಳಾಡಿಸಿ, "ಬೈಂಡಿಂಗ್ ಚೆನ್ನಾಗಿದೆ" ಎಂದು ಶುರುಮಾಡಿದರು. ಆಮೇಲೆ ಅತ್ತಿಗೆಯ ಕಡೆ ತಿರುಗಿದರು.

"ನೀವೇನಮ್ಮಾ ಬಳಕೆದಾರರು? ಹೇಗಿದೆ ಈ ವ್ಯವಸ್ಥೆ?"

ಅತ್ತಿಗೆ ಒಮ್ಮೆ ನಾದಿನಿಯ ಮುಖ ನೋಡಿದಳು.

"ಚೆನ್ನಾಗಿದೆ ಸಾರ್. ಇದು ಬಂದ ಮೇಲೆ ನಾನು ಒಂದು ಸಲಾನೂ ತಲೆ ಉಪಯೋಗಿಸೋ ಹಾಗೇ ಇರ್ಲಿಲ್ಲ. ನಮ್ಮೆಜಮಾನ್ರಿಗಂತೂ ಮಧ್ಯಾಹ್ನ ನಿದ್ದೆ ಮಾಡೋಷ್ಟು ಬಿಡುವಾಯ್ತು."

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಪರೀಕ್ಷಕರು ತೃಪ್ತಿಯಿಂದ ತಲೆಯಾಡಿಸಿ ಬರೆದುಕೊಂಡರು: ಬಳಕೆದಾರರ ಶ್ರಮ ಗಣನೀಯವಾಗಿ ತಗ್ಗಿದೆ. ಗೈಡ್ ಮೇಷ್ಟ್ರು ಉಸಿರುಬಿಟ್ಟರು. ಪರೀಕ್ಷಕರು ಪೆನ್ನು ಮುಚ್ಚಿ, ರಟ್ಟಕ್ಕನ ಕಡೆ ಕೈಯಾಡಿಸಿ ಹೇಳಿದರು:

"ಆಯ್ತು."

ಅತ್ತಿಗೆ ಎದ್ದಳು. ಮೇಷ್ಟ್ರು ಎದ್ದರು. ರಟ್ಟಕ್ಕ ಏಳಲಿಲ್ಲ.

"ಯಾವ ಆಯ್ತು ಸಾರ್?"

"ಅಂದ್ರೆ?"

"ಮುಗೀತು ಅನ್ನೋ ಆಯ್ತಾ, ಪಾಸಾಯ್ತು ಅನ್ನೋ ಆಯ್ತಾ, ಆಮೇಲೆ ನೋಡೋಣ ಅನ್ನೋ ಆಯ್ತಾ, ಇನ್ನು ಹೊರಡಮ್ಮ ಅನ್ನೋ ಆಯ್ತಾ?"

ಗೈಡ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಪರೀಕ್ಷಕರ ನಿದ್ದೆ ಮಾತ್ರ ಹಾರಿಹೋಯಿತು. ಈ ಪ್ರಶ್ನೆ ಏಕೆ ಎಂದು ಕೇಳಿದರು. ಕೇಳಿದ ಮೇಲೆ ಅವಳು ಹೇಳಿದಳು, ಎಲ್ಲವನ್ನೂ, ಪರದೆಯಿಂದ ಹಿಡಿದು ಸೂಚನಾ ಫಲಕದವರೆಗೆ. ಒಂದು ಪದಕ್ಕೆ ಒಂದು ಗುಂಡಿ ಸಾಲದು, ಹೇಳಿದವನು ಯಾರು, ಎಂಥ ದನಿಯಲ್ಲಿ ಹೇಳಿದ ಎಂಬುದೂ ಬೇಕು, ತಾನು ಅಷ್ಟು ವರ್ಷ ಕೌಂಟರಿನಲ್ಲಿ ಮಾಡುತ್ತಿದ್ದ ಕೆಲಸ ಅದೇ ಎಂದು ತನಗೇ ತಿಳಿದಿರಲಿಲ್ಲ ಎಂದಳು.

"ಇದ್ಯಾವುದೂ ವರದಿಯಲ್ಲಿ ಇಲ್ವಲ್ಲ?" ಎಂದರು ಪರೀಕ್ಷಕರು.

"ವರದಿ ಬೈಂಡ್ ಆಗ್ದೇ ಇದ್ದಾಗ್ಲೇ ಸಾರ್ ಇದು ಗೊತ್ತಾಗಿದ್ದು. ಆಮೇಲೆ ಬೈಂಡ್ ಆಗಿಬಿಡ್ತು."

ಪರೀಕ್ಷಕರು ಬಹಳ ಹೊತ್ತು ವರದಿಯ ಕೊನೆಯ ಅಧ್ಯಾಯ ತಿರುವಿದರು. ತಾವು ಬರೆದುಕೊಂಡಿದ್ದ ವಾಕ್ಯವನ್ನು ಹೊಡೆದುಹಾಕಿದರು; ಆಮೇಲೆ ಏನೋ ಯೋಚಿಸಿ ಅದನ್ನೇ ಮತ್ತೆ ಬರೆದರು. "ಮುಗೀತು ಅನ್ನೋ ಆಯ್ತಮ್ಮ. ಉಳಿದಿದ್ದು ಫಲಿತಾಂಶದಲ್ಲಿ ನೋಡ್ಕೋ" ಎಂದರು.

ಫಲಿತಾಂಶದಲ್ಲಿ ಎರಡನೆಯ ದರ್ಜೆ. ಸುಳ್ಳನ್ನೇ ಹೇಳಿದ್ದರೆ ಮೊದಲನೆಯದು ಬರುತ್ತಿತ್ತು ಎಂದು ಗೈಡ್ ಮೇಷ್ಟ್ರು ಈಗಲೂ ಹೇಳುತ್ತಾರೆ. ಕುರ್ಚಿಗೆ ದರ್ಜೆಯ ಷರತ್ತು ಇರಲಿಲ್ಲ. ಗುಮಾಸ್ತರು ಎದ್ದರು, ರಟ್ಟಕ್ಕ ಕೂತಳು.

ಅತ್ತಿಗೆ ಕೌಂಟರಿಗೆ ಬಂದ ಮೊದಲ ದಿನವೇ ಸ್ಟೂಲನ್ನು ಹಿತ್ತಲಿಗೆ ಎಸೆದು, ಮನೆಯಿಂದ ಬೆನ್ನೂ ಕೈಯೂ ಇರುವ ಕುರ್ಚಿಯೊಂದನ್ನು ತರಿಸಿಕೊಂಡಳು. ಅದಕ್ಕೆ ಪದವಿ ಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಗಣಕವನ್ನು ತೆಗೆದಿಲ್ಲ; ಆಯ್ತು ಎಂಬ ಗುಂಡಿಯ ಜಾಗದಲ್ಲಿ ಈಗ "ಒಣಗಿದೆ" ಎಂದಿದೆ. ಅಣ್ಣ ಈಚೆಗೆ ಏನು ಕೇಳಿದರೂ "ಒಣಗಿದೆ" ಎನ್ನಲು ಶುರುಮಾಡಿದ್ದಾನೆ ಎಂಬ ದೂರು ಇದೆ.

ಮೊನ್ನೆ ಅವನು ಬೈಂಡಿಂಗಿಗೆ ಹಳೆಯ ಹಾಜರಿ ಪುಸ್ತಕಗಳನ್ನು ಒಯ್ಯಲು ಕಾಲೇಜಿಗೆ ಬಂದಿದ್ದ. ದಾಖಲೆ ಕೋಣೆಯ ಬಾಗಿಲಲ್ಲಿ ನಿಂತು, "ಪುಟ್ಟಿ, ಕಟ್ಟು ತೆಗೆದಿಟ್ಟಿದೀಯಾ?" ಎಂದ. ಕಪಾಟುಗಳ ಆಚೆಯಿಂದ, ತಲೆ ಕಾಣಿಸಲಿಲ್ಲ, ಸ್ವಲ್ಪ ಎಳೆದ ದನಿ ಬಂತು.

"ಆಯ್ತೂ."

ಅಣ್ಣ ಒಂದು ಕ್ಷಣವೂ ಕಾಯಲಿಲ್ಲ. "ನಾಡಿದ್ದು ಬರ್ತೀನಿ" ಎಂದು ಮೆಟ್ಟಿಲಿಳಿದು ಹೋದ.